ತಾತನ ತಾಟು ಮತ್ತು ಪಕ್ಕದ ಮನೆಯ ಅಕ್ಕ

ಹೋದ ತಿಂಗಳು ಸಾಗರಕ್ಕೆ ಹೋಗಿದ್ದೆ. ಅಣ್ಣನ ಮಗಳ ನಿಶ್ಚಿತಾರ್ಥ ಮುಗಿಸಿಕೊಂಡು ಮಾರನೆಯ ದಿನ ಬಸ್‌ಸ್ಟ್ಯಾಂಡಿನ ಕಡೆ ನಡೆದು ಬರುತ್ತಿದ್ದಾಗ, ರಸ್ತೆಯ ಅಂಚಿನಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂತಿದ್ದಳು. ಮುಂದೆ ನಾಲ್ಕು ಕಟ್ಟು ಸೊಪ್ಪು, ಒಂದಷ್ಟು ಲಿಂಬೆಹಣ್ಣು, ಮೊರದಲ್ಲಿ ನಮ್ಮ ಕಾಡಿನ ಮಸಾಲೆ, ಒಣಗಿದ ಜುಮ್ಮನಕಾಯಿ. ದಾಟಿ ಹೋದವಳು ಹಿಂದಕ್ಕೆ ಬಂದೆ. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗಿತ್ತು. ಕಿತ್ತಳೆ ಸಿಪ್ಪೆಯನ್ನೂ ಕಾಳುಮೆಣಸನ್ನೂ ಒಟ್ಟಿಗೆ ಜಜ್ಜಿದ ಹಾಗಿನ ಆ ಘಾಟು... ಬಗ್ಗಿ ಒಂದು ಚಿಪ್ಪು ತೆಗೆದು ಬಾಯಿಗೆ ಹಾಕಿಕೊಂಡೆ. ನಾಲಗೆಯ ತುದಿ ಜುಮ್ಮೆಂದಿತು.

“ಎಂತಕ್ಕೆ ಅಮ್ಮಾ, ತಂಬುಳಿಗಾ?” ಎಂದಳು ಅವಳು.

ಹಣ್ಣಿನ ಸಿಹಿತಿಂಡಿಗೆ ಎಂದಿದ್ದರೆ ನಗುತ್ತಿದ್ದಳೇನೋ. ಹೂಂ ಅಂದು ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಕೊರೊನಾ ಬಂದ ವರ್ಷದಿಂದ ಈಚೆಗೆ ನಾನು ಅದನ್ನು ಮುಟ್ಟಿರಲಿಲ್ಲ. ಮುಟ್ಟಿದರೆ ಪಕ್ಕದ ಮನೆಯ ಅಕ್ಕ ನೆನಪಾಗುತ್ತಿದ್ದರು. ನೆನಪಾಗಬಾರದು ಎಂದೇ ಮುಟ್ಟಿರಲಿಲ್ಲ.

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ವಿಷಯದಲ್ಲಿ ನನ್ನ ಬಾಯಿ ಒಮ್ಮೆ ಮಾಡಿದ್ದೇ ಸಾಕು.

ತೀರ್ಥಹಳ್ಳಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಎದೆಯೆತ್ತರದ ಒಂದು ಗೋಡೆ. ನಾನು ಮದುವೆಯಾಗಿ ಸಾಗರದಿಂದ ಇಲ್ಲಿಗೆ ಬಂದಾಗ ಅವರಿಗೆ ಆಗಲೇ ಐವತ್ತರ ಹತ್ತಿರ. ಯಜಮಾನರು ಮಿಲಿಟರಿಯಿಂದ ನಿವೃತ್ತರಾಗಿ ಮನೆ ಕಟ್ಟಿಸಿ, ಎರಡು ವರ್ಷ ಅದರಲ್ಲಿ ಬಾಳಿ ತೀರಿಕೊಂಡಿದ್ದರು. ಮಕ್ಕಳಿಲ್ಲ. ಆ ಯಜಮಾನರದು ಹುಂಚದ ಹತ್ತಿರದ ಹಳ್ಳಿ. ಸೈನ್ಯದಲ್ಲಿದ್ದಾಗ ಡಾರ್ಜಿಲಿಂಗ್ ಕಡೆಯಿಂದ ಅಕ್ಕನನ್ನು ಮದುವೆಯಾಗಿ ಕರೆತಂದಿದ್ದರು. ಅಕ್ಕನದು ಪುಟ್ಟ ಕಣ್ಣು, ಚಪ್ಪಟೆ ಮುಖ, ಹಳದಿಗೆ ತಿರುಗಿದ ಬಿಳುಪು. ಬೀದಿಯವರು ‘ನೇಪಾಳಿ ಅಮ್ಮ’ ಎನ್ನುತ್ತಿದ್ದರು. ಆದರೆ ಅವರ ಕನ್ನಡ ಅತ್ತೆಯ ಅಡುಗೆಮನೆಯಲ್ಲಿ ಕಲಿತದ್ದು. ಮುಖ ನೋಡದೆ ಫೋನಿನಲ್ಲಿ ಕೇಳಿದವರು ಹೊಸನಗರದ ಯಾವುದೋ ಗೌಡರ ಮನೆಯ ಹೆಂಗಸು ಅಂದುಕೊಳ್ಳಬೇಕು, ಹಾಗೆ.

ನಮ್ಮ ಪರಿಚಯ ಗೋಡೆಯ ಮೇಲಿನ ಮಾತಾಗಿಯೇ ಬಹಳ ವರ್ಷ ಇತ್ತು. ಅವರು ನನ್ನನ್ನು ‘ಹುಡುಗಿ’ ಎಂದು ಕರೆಯುತ್ತಿದ್ದರು, ನನಗೆ ಎರಡು ಮಕ್ಕಳಾದ ಮೇಲೂ. ಹತ್ತಿರವಾದದ್ದು ನಾನು ಓವನ್ ತಂದ ಮೇಲೆ.

ಮಕ್ಕಳು ಶಾಲೆಗೆ ಹೋಗತೊಡಗಿದ್ದವು, ಗಂಡ ಕಾಲೇಜಿನ ಆಫೀಸಿಗೆ. ಹಗಲೆಲ್ಲ ಖಾಲಿ. ಕೇಕು ಮಾಡಿ ಆರ್ಡರಿಗೆ ಕೊಡೋಣ ಅನ್ನಿಸಿತು. ನಮ್ಮದು ಜೈನರ ಮನೆ, ಮೊಟ್ಟೆ ಹೊಸ್ತಿಲು ದಾಟುವ ಹಾಗಿಲ್ಲ. ಮೊಟ್ಟೆಯಿಲ್ಲದ್ದು ಏನೇನು ಮಾಡಬಹುದು ಎಂದು ಮೊಬೈಲಿನಲ್ಲಿ ಹುಡುಕುತ್ತಾ ಹೋದಾಗ ಫ್ರಾನ್ಸಿನ ಒಂದು ಹಣ್ಣಿನ ತಿಂಡಿ ಸಿಕ್ಕಿತು. ಬಾಣಲೆಯಲ್ಲಿ ಸಕ್ಕರೆಯನ್ನು ಕೆಂಪಗೆ ಕರಗಿಸಿ, ಬೆಣ್ಣೆ ಹಾಕಿ, ಮೇಲೆ ಸೇಬಿನ ಹೋಳು ಜೋಡಿಸಿ, ಅದರ ಮೇಲೆ ಬೆಣ್ಣೆ ಮೈದಾದ ಒಂದು ಹಾಳೆಯನ್ನು ಹೊದಿಸಿ ಬೇಯಿಸುವುದು. ಬೆಂದ ಮೇಲೆ ತಟ್ಟೆಗೆ ಬೋರಲು ಹಾಕಿದರೆ ಹಣ್ಣು ಮೇಲೆ, ಹಾಳೆ ಕೆಳಗೆ. ಅದರ ಹೆಸರನ್ನು ವಿಡಿಯೋದಲ್ಲಿ ‘ತಾರ್ತ್ ತಾತಾಂ’ ಎಂದೇನೋ ಮೂಗಿನಿಂದ ಹೇಳುತ್ತಿದ್ದರು. ಸೇಬಿನ ಬದಲಿಗೆ ನಾನು ನಮ್ಮ ಕಡೆ ಧಾರಾಳವಾಗಿ ಸಿಗುವ ಅನಾನಸು ಹಾಕಿದೆ. ಮೊದಲ ಸಲ ಮಾಡಿದ್ದು ಹೇಗಿತ್ತೆಂದರೆ, ಹಣ್ಣು ನೀರು ಬಿಟ್ಟುಕೊಂಡು ಹಾಳೆ ನೆನೆದ ರಟ್ಟಿನ ಹಾಗಾಗಿತ್ತು.

ಸುಟ್ಟ ಸಕ್ಕರೆಯ ವಾಸನೆಗೆ ಅಕ್ಕ ಗೋಡೆಯ ಹತ್ತಿರ ಬಂದು ನಿಂತಿದ್ದರು.

“ಎಂತ ಹುಡುಗಿ, ಬೆಲ್ಲದ ಕೊಪ್ಪರಿಗೆ ತಳ ಹಿಡೀತಾ?”

ಒಂದು ಚೂರು ಕೊಟ್ಟೆ. ತಿಂದರು. ಸುಳ್ಳು ಹೊಗಳುವುದು ಅವರಿಗೆ ಬರುತ್ತಿರಲಿಲ್ಲ.

“ಬರೀ ಸಿಹಿ ಮಾರಾಯ್ತಿ. ಸಿಹಿ ಬಿಟ್ರೆ ಇದ್ರಲ್ಲಿ ಮತ್ತೆಂತ ಇದೆ? ಹಣ್ಣು ಮೊದ್ಲು ಬಾಡಿಸು, ನೀರು ಹೋಗ್ಲಿ. ನಾಳೆ ಮಾಡೂವಾಗ ನನ್ನ ಕರಿ.”

ಮಾರನೆಯ ದಿನ ಬರುವಾಗ ಕೈಯಲ್ಲಿ ಒಂದು ಸಣ್ಣ ಡಬ್ಬಿ ಇತ್ತು. ಒಳಗೆ ಕಂದು ಬಣ್ಣದ ಪುಡಿ. ಚಕ್ರಮೊಗ್ಗು, ಲವಂಗ, ದಾಲ್ಚಿನ್ನಿ, ಸೋಂಪು ನಾಲ್ಕನ್ನೂ ಮೂಗಿಗೆ ಹಿಡಿದೇ ಹೇಳಿದೆ. ಐದನೆಯದು ಗೊತ್ತಾಗಲಿಲ್ಲ. ಜುಮ್ಮನಕಾಯಿ ಎಂದು ಅವರೇ ಹೇಳಿದರು. ಒಳಗಿನ ಕರಿ ಬೀಜ ತೆಗೆದು ಬಿಸಾಡಬೇಕು, ಅದು ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ. ಚಿಪ್ಪು ಮಾತ್ರ ಹುರಿದು ಪುಡಿ ಮಾಡಬೇಕು. ಬಾಡಿಸಿದ ಅನಾನಸಿಗೆ ಆ ಪುಡಿ ಎರಡು ಚಿಟಿಕೆ, ಕಲ್ಲುಪ್ಪು ಒಂದು ಚಿಟಿಕೆ. ಮೈದಾ ಕಲಸಲು ನನ್ನನ್ನು ಬಿಡಲಿಲ್ಲ. “ನಿನ್ನ ಕೈ ಬಿಸಿ, ಬೆಣ್ಣೆ ಕರಗ್ತದೆ” ಎಂದು ತಾವೇ ಬೆರಳ ತುದಿಯಲ್ಲಿ ಉದುರುದುರಾಗಿ ಕಲಸಿದರು. ಬೆಂದು ಬಂದದ್ದನ್ನು ಬೋರಲು ಹಾಕಲು ನನಗೆ ಹೆದರಿಕೆ. ಅವರು ತಟ್ಟೆ ಮುಚ್ಚಿ, ಎರಡೂ ಕೈಯಲ್ಲಿ ಬಟ್ಟೆ ಹಿಡಿದು, ಒಂದೇ ಪಟ್ಟಿಗೆ ತಿರುಗಿಸಿಬಿಟ್ಟರು. ಬಾಣಲೆ ಎತ್ತಿದರೆ... ಕೆಂಪು ಗಾಜಿನ ಹಾಗೆ ಹೊಳೆಯುವ ಅನಾನಸಿನ ಚಕ್ರಗಳು.

ಬಾಯಿಗಿಟ್ಟರೆ ಮೊದಲು ಹುಳಿ ಸಿಹಿ, ಆಮೇಲೆ ಚಕ್ರಮೊಗ್ಗಿನ ತಂಪು, ಎಲ್ಲ ಮುಗಿಯಿತು ಅನ್ನುವಾಗ ನಾಲಗೆ ಜುಮ್ಮೆನ್ನುವುದು. ಇದರ ಹೆಸರೇನು ಎಂದರು. ಹೇಳಿದೆ. ಅವರ ಕಿವಿಗೆ ಅದು ‘ತಾತನ ತಾಟು’ ಎಂದು ಕೇಳಿಸಿತು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅಂದಿನಿಂದ ಅದು ತಾತನ ತಾಟೇ.

ಆ ಒಂದೆರಡು ವರ್ಷ ವಾರಕ್ಕೆ ಮೂರು ಮಧ್ಯಾಹ್ನ ಅಕ್ಕ ನಮ್ಮ ಅಡುಗೆಮನೆಯಲ್ಲಿ ಇರುತ್ತಿದ್ದರು. ಹಲಸಿನ ಹಣ್ಣಿನಲ್ಲಿ ಮಾಡಿದೆವು, ಪೇರಳೆಯಲ್ಲಿ ಮಾಡಿದೆವು, ಬಾಳೆಹಣ್ಣಿನಲ್ಲಿ ಮಾಡಿ ಕೆಡಿಸಿದೆವು. ಅನಾನಸಿನಷ್ಟು ಯಾವುದೂ ಒಗ್ಗಲಿಲ್ಲ. ಹೆಗ್ಗೋಡಿಗೆ ನಾಟಕ ನೋಡಲು ಬರುವವರಿಗೆಂದು ಪರಿಚಯದ ಒಬ್ಬರು ಒಯ್ದರು. ಅಲ್ಲಿಂದ ಸಾಗರದಲ್ಲೂ ಕೇಳುವವರು ಹುಟ್ಟಿಕೊಂಡರು. ನನ್ನ ಹೆಸರು ನಾಲ್ಕು ಜನರ ಬಾಯಲ್ಲಿ ಬರತೊಡಗಿತು. ನಿಮ್ಮ ಹೆಸರೂ ಡಬ್ಬಿಯ ಮೇಲೆ ಹಾಕಿಸೋಣ ಅಂದರೆ ಅಕ್ಕ ಒಪ್ಪಲಿಲ್ಲ. “ನಂಗೆ ಬೇಡ ಮಾರಾಯ್ತಿ, ನಿಂದೇ ಇರ್ಲಿ.”

ಯಾಕೆ ಬೇಡ ಎಂದು ಒಂದು ಮಧ್ಯಾಹ್ನ ತಾವಾಗಿ ಹೇಳಿದರು. ಹಾಳೆ ಲಟ್ಟಿಸುತ್ತಿದ್ದೆವು. ಈ ಐದು ಮಸಾಲೆ ಡಾರ್ಜಿಲಿಂಗಿನದಾ ಎಂದು ನಾನು ಕೇಳಿದ್ದೆ.

ಅಲ್ಲ, ಅಜ್ಜಿಯದು ಎಂದರು. ತಂದೆಯ ತಾಯಿ. ಚೀನಾದಿಂದ ಬಂದವರ ಮನೆತನ. ತಾತ ಅಸ್ಸಾಮಿನ ಟೀ ತೋಟದಲ್ಲಿ ಬಡಗಿ, ತಂದೆಯೂ ಅದೇ ಕೆಲಸ. ತಾಯಿ ಮಾತ್ರ ನೇಪಾಳಿ. ಚೀನಾ ಯುದ್ಧ ಶುರುವಾದಾಗ ಇವರಿಗೆ ನಾಲ್ಕು ವರ್ಷ. ಒಂದು ದಿನ ಪೊಲೀಸರು ಬಂದು ಮನೆ ಬೀಗ ಹಾಕಿ ಬನ್ನಿ ಎಂದರಂತೆ. ರೈಲಿಗೆ ಹತ್ತಿಸಿ ಎಷ್ಟೋ ದಿನದ ದಾರಿ, ರಾಜಸ್ಥಾನದ ಮರಳುಗಾಡಿನ ಒಂದು ಕ್ಯಾಂಪಿಗೆ. ದಾರಿಯ ಸ್ಟೇಷನ್ನುಗಳಲ್ಲಿ ಜನ ಕಿಟಕಿಗೆ ಕಲ್ಲು, ಸಗಣಿ ಎಸೆಯುತ್ತಿದ್ದರಂತೆ. ಅಜ್ಜಿ ಇವರ ಮುಖವನ್ನು ತನ್ನ ಮಡಿಲಿಗೆ ಒತ್ತಿ ಹಿಡಿದುಕೊಂಡಿದ್ದಳು. ಆ ಮಡಿಲಲ್ಲಿ ಸೀರೆಯ ಗಂಟಿನಲ್ಲಿ ಕಟ್ಟಿಕೊಂಡ ಮಸಾಲೆ ಪುಡಿಯ ವಾಸನೆ. “ನಂಗೆ ಆ ರೈಲಿನದ್ದು ಅದೊಂದೇ ನೆನಪು ಇರೂದು” ಎಂದರು.

ಅಜ್ಜಿ ಕ್ಯಾಂಪಿನಲ್ಲೇ ಹೋದಳು. ಕ್ಯಾಂಪಿನಿಂದ ಬಿಟ್ಟ ಮೇಲೆ ತಾಯಿ ಮಕ್ಕಳನ್ನು ಡಾರ್ಜಿಲಿಂಗಿಗೆ ಕರೆದುಕೊಂಡು ಬಂದು, ಇನ್ನು ಮುಂದೆ ಯಾರು ಕೇಳಿದರೂ ನೇಪಾಳಿಗಳು ಅನ್ನಬೇಕು ಎಂದು ಹೇಳಿಕೊಟ್ಟಳು. ಮದುವೆಯಾದಾಗ ಗಂಡನಿಗೆ ಮಾತ್ರ ಹೇಳಿದ್ದರು. ಅವರು ತಮ್ಮ ತಾಯಿಗೂ ಹೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಹುಂಚದ ಹತ್ತಿರದ ಆ ಮನೆಯಲ್ಲಿ ಅತ್ತೆ ಒಂದು ಭರಣಿ ತೆಗೆದಾಗ, ಅಜ್ಜಿಯ ಪುಡಿಯ ಐದನೆಯ ವಾಸನೆ ಬಂತು. ಜುಮ್ಮನಕಾಯಿ. ಚೀನಾದ ಕಾಯಿಯೇ ಬೇರೆ, ಆದರೆ ಒಂದೇ ಜಾತಿಯದಿರಬೇಕು. “ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅತ್ತೆ ಪಾಪ, ತವರುಮನೆ ನೆನಪಾಗಿರಬೇಕು ಅಂತ ಹೋಳಿಗೆ ಮಾಡಿ ಹಾಕಿದ್ರು.”

ಹೇಳಿ ಮುಗಿಸಿ ಕೈಯ ಮೈದಾ ಕೊಡವಿಕೊಂಡರು.

“ನಮ್ಮನೆಯೋರು ಹೋದ ಮೇಲೆ ಇದು ಗೊತ್ತಿರೂದು ನಿಂಗೊಬ್ಬಳಿಗೇ. ನಿನ್ನ ಹೊಟ್ಟೇಲಿ ಇರ್ಲಿ ಹುಡುಗಿ.”

“ಎಂತ ಅಕ್ಕಾ ನೀವು, ನಾನು ಯಾರಿಗೆ ಹೇಳ್ಲಿ” ಎಂದೆ. ಅಂದಾಗ ಅದು ಸುಳ್ಳಾಗಿರಲಿಲ್ಲ.

ಅದಾದ ಮೇಲಿನ ಡಿಸೆಂಬರಿನಲ್ಲಿ ಸಾಗರದಲ್ಲಿ ಹೆಂಗಸರೇ ಸೇರಿ ಒಂದು ಅಡುಗೆ ಸ್ಪರ್ಧೆ ಇಟ್ಟುಕೊಂಡಿದ್ದರು. ಅತ್ತಿಗೆಯ ಒತ್ತಾಯಕ್ಕೆ ನಾನೂ ತಾತನ ತಾಟು ಮಾಡಿಕೊಂಡು ಹೋದೆ. ಅಕ್ಕ ಕಾಲು ನೋವು ಎಂದು ಬರಲಿಲ್ಲ. ಪುಡಿ ಮಾತ್ರ ಹುರಿದು ಕೊಟ್ಟಿದ್ದರು. ತಿಂದವರೆಲ್ಲ ಇದೇನು, ಇದೇನು ಎಂದರು. ಮೊದಲ ಬಹುಮಾನ ಬಂತು. ಸ್ಥಳೀಯ ಸುದ್ದಿಯ ವಿಡಿಯೋ ಮಾಡಿ ಹಾಕುವ ಒಬ್ಬಾತ ಮೈಕು ಹಿಡಿದು ಬಂದ. ಫ್ರಾನ್ಸಿನದು ಅಂತೀರಿ, ಬಾಯಲ್ಲಿಟ್ಟರೆ ಬೇರೆಯೇ ಘಾಟು, ನಿಮಗೆ ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿದ. ಸುತ್ತ ಹತ್ತು ಹದಿನೈದು ಹೆಂಗಸರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ಅಷ್ಟು ಜನ ನನ್ನ ಮಾತಿಗೆ ಕಾದು ನಿಂತದ್ದು ಅದೇ ಮೊದಲು. ಒಂದು ಸಾಧಾರಣ ಉತ್ತರ ಕೊಟ್ಟಿದ್ದರೆ ಆಗುತ್ತಿತ್ತು. ಮೊಬೈಲ್ ನೋಡಿ ಕಲಿತೆ ಅಂದಿದ್ದರೆ ಸಾಕಿತ್ತು...

“ನಮ್ಮ ಪಕ್ಕದ ಮನೆಯವ್ರು ಕಲಿಸಿದ್ದು. ಎಲ್ರೂ ನೇಪಾಳಿ ಅಂದ್ಕೊಂಡಿದ್ದಾರೆ, ಅವ್ರು ನಿಜವಾಗ್ಲೂ ಚೀನಾದವ್ರೇ. ಯುದ್ಧದ ಟೈಮಲ್ಲಿ ಹಿಡ್ಕೊಂಡು ಹೋಗಿ ಕ್ಯಾಂಪಲ್ಲಿ ಇಟ್ಟಿದ್ರಂತೆ. ಇದು ಅಸಲಿ ಚೀನಾ ಮಸಾಲೆ!”

ಹೆಂಗಸರು ‘ಹೌದಾ!’ ಎಂದರು. ಆ ‘ಹೌದಾ’ ಎಷ್ಟು ಹಿತವಾಗಿತ್ತು ಎಂದರೆ, ನಾನು ಮಾಡಿದ್ದೇನೆಂದು ತಿಳಿದದ್ದು ಬಸ್ಸು ಹೊಸನಗರ ದಾಟಿದ ಮೇಲೆ. ಆದರೆ ಯಾರು ನೋಡುತ್ತಾರೆ ಇಂಥ ವಿಡಿಯೋ, ಎರಡು ದಿನಕ್ಕೆ ಮರೆತುಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಮನೆಗೆ ಬಂದು ಅಕ್ಕನಿಗೆ ಬಹುಮಾನದ ಸ್ಟೀಲಿನ ಡಬ್ಬಿ ತೋರಿಸಿದೆ. ಖುಷಿಪಟ್ಟರು. ಆಗಲೂ ಹೇಳಲಿಲ್ಲ.

ಎರಡು ದಿನಕ್ಕೆ ಮರೆತುಹೋಯಿತು, ನಿಜ. ಮಾರ್ಚಿನಲ್ಲಿ ಮತ್ತೆ ನೆನಪಾಯಿತು.

ಆಗ ಕೊರೊನಾ ಸುದ್ದಿ; ಟೀವಿ ಹಾಕಿದರೆ ಚೀನಾ, ಮೊಬೈಲ್ ತೆಗೆದರೆ ಚೀನಾ. ಯಾರೋ ಆ ವಿಡಿಯೋವನ್ನು ಹುಡುಕಿ ತೆಗೆದು, ನನ್ನ ಮುಖ ಬರುವ ಭಾಗ ಕತ್ತರಿಸಿ, ತಟ್ಟೆಯಲ್ಲಿದ್ದ ತಿಂಡಿಯ ಚಿತ್ರದ ಮೇಲೆ ನನ್ನ ಧ್ವನಿ ಕೇಳುವಷ್ಟು ತುಂಡನ್ನು ಇಟ್ಟುಕೊಂಡು, ಕೆಳಗೆ ‘ತೀರ್ಥಹಳ್ಳಿಯಲ್ಲೂ ಚೀನಾದವರಿದ್ದಾರೆ, ಎಚ್ಚರ’ ಎಂದು ಬರೆದು ಬಿಟ್ಟಿದ್ದರು. ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೂ ಬಂತು. ಹೊರಗಿನವರಿಗೆ ಅದು ಯಾರದೋ ಧ್ವನಿ. ನಮ್ಮ ಬೀದಿಯವರಿಗೆ ಅದು ಯಾರದು, ಪಕ್ಕದ ಮನೆ ಯಾವುದು ಎಂದು ಹೇಳಬೇಕಾಗಿರಲಿಲ್ಲ.

ಮೊದಲು ಹಾಲಿನವನು ಅವರ ಗೇಟಿನ ಮುಂದೆ ಸೈಕಲ್ ನಿಲ್ಲಿಸುವುದನ್ನು ಬಿಟ್ಟ. ಆಮೇಲೆ ಒಂದು ಬೆಳಿಗ್ಗೆ ಐದಾರು ಜನ ಬಂದು ಗೇಟಿನ ಹೊರಗೆ ನಿಂತರು. ಎಲ್ಲ ಗುರುತಿನವರೇ. ಅವರಲ್ಲಿ ಒಬ್ಬರ ಮಗಳ ಹುಟ್ಟುಹಬ್ಬಕ್ಕೆ ಅಕ್ಕ ಇಡೀ ಮಕ್ಕಳ ದಂಡಿಗೆ ನೂಡಲ್ಸ್ ಮಾಡಿ ಕೊಟ್ಟಿದ್ದರು. ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಓಡಿಹೋಗಬಹುದಿತ್ತು. ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತೆ.

“ನೀವು ಚೀನಾದವ್ರಂತೆ ಹೌದಾ?” ಎಂದ ಒಬ್ಬ.

“ನಾನು ಇಲ್ಲಿಯೋಳು” ಎಂದರು ಅಕ್ಕ. “ಈ ಕಡೆಗೆ ಬಂದು ಮೂವತ್ತು ವರ್ಷದ ಮೇಲಾತು.”

“ಅದಲ್ಲ, ಮೂಲ ಎಲ್ಲಿ ಅಂತ ಕೇಳ್ತಿರದು. ಅಲ್ಲಿಂದ ಯಾರಾದ್ರೂ ಬಂದಿದ್ರಾ? ನೀವು ಹೋಗಿದ್ರಾ?”

ಅಕ್ಕ ಒಳಗೆ ಹೋದರು. ಬರುವಾಗ ಕೈಯಲ್ಲಿ ಮತದಾರರ ಕಾರ್ಡು, ಯಜಮಾನರ ಮಿಲಿಟರಿ ಕಾರ್ಡು, ಅವರು ಸಮವಸ್ತ್ರದಲ್ಲಿದ್ದ ಒಂದು ಫೋಟೋ. ಗೋಡೆಯಿಂದ ಮೊಳೆ ಸಮೇತ ಕಿತ್ತು ತಂದಿದ್ದರು. ಫೋಟೋದ ಹಿಂದೆ ಸುಣ್ಣ ಅಂಟಿತ್ತು. ಒಂದೊಂದನ್ನೇ ಗೇಟಿನ ಮೇಲೆ ಹಿಡಿದು ತೋರಿಸಿದರು. ಯಾರೂ ಕೈ ಚಾಚಿ ತೆಗೆದುಕೊಳ್ಳಲಿಲ್ಲ.

ಆಗ ಒಬ್ಬರು ನನ್ನ ಕಡೆ ತಿರುಗಿದರು. “ಮೇಡಂ, ನೀವೇ ಹೇಳಿ. ಅದ್ರಲ್ಲಿ ಮಾತಾಡಿದ್ದು ನೀವೇ ಅಲ್ವಾ? ನಿಮ್ಮನೆಗೆ ಬಂದು ಹೋಗಿ ಮಾಡ್ತಾರಲ್ಲ ಇವ್ರು?”

ಅಕ್ಕನೂ ನನ್ನನ್ನು ನೋಡಿದರು. ಆ ತುಂಡು ಅವರ ಮೊಬೈಲಿಗೆ ಬಂದಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಏನಾದರೂ ಒಂದು ಹೇಳುತ್ತೇನೆ, ಇವರೆಲ್ಲ ತಿರುಗಿ ಹೋಗುತ್ತಾರೆ ಎಂದು ನಂಬಿದ ಹಾಗಿತ್ತು ಆ ನೋಟ. ನನ್ನ ಹಿಂದೆ ಬಾಗಿಲಲ್ಲಿ ಗಂಡ, ‘ನಮಗೆ ಯಾಕೆ, ಒಳಗೆ ಬಾ’ ಎಂದು ಮೆಲ್ಲಗೆ ಹೇಳುತ್ತಿದ್ದರು.

“ಹಾಗಂತ ಅವ್ರೇ ಹೇಳಿದ್ದು” ಎಂದೆ ನಾನು. “ನಂಗೆ ಹೆಚ್ಚಿಗೆ ಎಂತದೂ ಗೊತ್ತಿಲ್ಲ. ಈಗ ನಮ್ಮನೆಗೆ ಬರಲ್ಲ ಅವ್ರು.”

ಅಕ್ಕ ಫೋಟೋವನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದರು. ಬಾಗಿಲು ಹಾಕಿದ ಸದ್ದೂ ಆಗಲಿಲ್ಲ. ಅಷ್ಟು ಮೆಲ್ಲಗೆ ಹಾಕಿಕೊಂಡರು.

ಆಮೇಲೆ ತಾಲ್ಲೂಕು ಆಫೀಸಿನವರು ಬಂದು ವಿಚಾರಿಸಿಕೊಂಡು, ಏನೂ ಇಲ್ಲವೆಂದು ಬರೆದುಕೊಂಡು ಹೋದರು. ಲಾಕ್‌ಡೌನ್ ಬಂತು. ಏನೂ ಇಲ್ಲ ಎಂದು ಬರೆದದ್ದನ್ನು ಬೀದಿಯಲ್ಲಿ ಯಾರೂ ಓದಲಿಲ್ಲ. ಅಂಗಡಿಯವನು ಅವರು ಕೇಳಿದ ಸಾಮಾನನ್ನು ಗೇಟಿನ ಹೊರಗಿಟ್ಟು ದೂರ ನಿಂತು ಕೂಗಿ ಹೋಗುತ್ತಿದ್ದ. ನಾನು ಬೆಳಿಗ್ಗೆ ಎದ್ದವಳೇ ಒಂದು ತಂಬಿಗೆ ಹಾಲನ್ನು ಗೋಡೆಯ ಮೇಲೆ ಇಡುತ್ತಿದ್ದೆ, ಯಾರೂ ನೋಡದ ಹಾಗೆ. ನಾಲ್ಕು ದಿನ ತಂಬಿಗೆ ತೊಳೆದು ಅಲ್ಲೇ ಬೋರಲಿಟ್ಟಿರುತ್ತಿದ್ದರು. ಐದನೆಯ ದಿನ ಹಾಲು ಹಾಗೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಒಡೆದಿತ್ತು. ಆರನೆಯ ದಿನ ನಾನು ಇಡಲಿಲ್ಲ. ಗೋಡೆಯ ಹತ್ತಿರ ಹೋಗಿ ಕರೆಯಬಹುದಿತ್ತು. ಕರೆಯಲಿಲ್ಲ. ಕರೆದರೆ ಬೀದಿಗೆ ಕೇಳುತ್ತದೆ ಎಂದು ಹೆದರಿದೆ. ಇದ್ದದ್ದು ಅಷ್ಟೇ. ನಾನು ಜನಕ್ಕೆ ಹೆದರಿದೆ.

ಬಸ್ಸು ಓಡಾಡಲು ಶುರುವಾದ ವಾರ ಅವರ ಮೈದುನ ಒಂದು ಗೂಡ್ಸ್ ಗಾಡಿ ಮಾಡಿಕೊಂಡು ಹುಂಚದ ಕಡೆಯಿಂದ ಬಂದರು. ಸಾಮಾನು ಹೇರುವುದು ಕಂಡು ನಾನು ಗೇಟು ದಾಟಿ ಅವರ ಅಂಗಳಕ್ಕೆ ಹೋದೆ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಅಕ್ಕ ಮೆಟ್ಟಿಲ ಮೇಲೆ ಬಂದರು. ಮೈ ಇಳಿದುಹೋಗಿತ್ತು.

“ಬಿಸಿಲಲ್ಲಿ ಎಂತಕ್ಕೆ ನಿಂತ್ಕೊಂಡ್ರಿ? ಒಳಗೆ ಬನ್ನಿ.”

‘ನಿಂತ್ಕೊಂಡ್ರಿ.’ ‘ಬನ್ನಿ.’ ಅಷ್ಟು ವರ್ಷ ನನ್ನನ್ನು ಏಕವಚನ ಬಿಟ್ಟು ಕರೆದವರಲ್ಲ. ನೆರೆಮನೆಯ ಯಾರೋ ಒಬ್ಬರು ಬಂದಾಗ ಕರೆಯುವ ಹಾಗೆ ಕರೆದರು. ಒಳಗೆ ಒಂದೇ ಕುರ್ಚಿ ಉಳಿದಿತ್ತು, ಅದರಲ್ಲಿ ಕೂರಿಸಿದರು. ಟೀ ಮಾಡಿ ಕೊಟ್ಟರು.

“ಅಕ್ಕಾ, ನಾನು...” ಎಂದೆ.

“ಆ ಮಾತು ಬೇಡ” ಎಂದರು. “ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ಆ ರೈಲಲ್ಲಿ ಹೋಗೂವಾಗ ನಾನು ಸಣ್ಣೋಳು, ಜನ ಎಂತಕ್ಕೆ ಹಾಗೆ ಮಾಡ್ತಾರೆ ಅಂತ ಅರ್ಥ ಆಗಿರ್ಲಿಲ್ಲ. ಈಗ ಅರ್ಥ ಆತು, ಅಷ್ಟೇ. ಟೀ ಆರ್ತದೆ, ಕುಡೀರಿ.”

ಕುಡಿದೆ. ಲೋಟ ತೊಳೆಯಲು ಹೋದರೆ ಕೈಯಿಂದ ತೆಗೆದುಕೊಂಡರು. ಗಾಡಿ ಹೋಯಿತು.

ನಮ್ಮಲ್ಲಿ ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ. ಬಸದಿಯಲ್ಲಿ ಸೇರಿದವರೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ್ದನ್ನು ಕ್ಷಮಿಸಿ ಎಂದು ಕೇಳಿಕೊಳ್ಳುತ್ತೇವೆ. ಈಗ ಮೊಬೈಲಿನಲ್ಲೂ ಕಳಿಸುತ್ತೇವೆ, ಇದ್ದಬದ್ದ ನಂಬರುಗಳಿಗೆಲ್ಲ ಒಂದೇ ಸಲಕ್ಕೆ. ಆ ವರ್ಷದಿಂದ ಪ್ರತಿ ಸಲವೂ ನಾನು ಗ್ಯಾಸಿನವನಿಗೂ ಕಳಿಸಿದೆ, ಮಕ್ಕಳ ಟ್ಯೂಷನ್ ಟೀಚರಿಗೂ ಕಳಿಸಿದೆ. ಅಕ್ಕನ ಹೆಸರಿನ ಮುಂದೆ ಬೆರಳು ನಿಲ್ಲುತ್ತಿತ್ತು. ಎಲ್ಲರಿಗೂ ಕಳಿಸಿದ ಸಾಲನ್ನೇ ಅವರಿಗೂ ಕಳಿಸುವುದು ಇನ್ನೊಂದು ತಪ್ಪು ಅನ್ನಿಸುತ್ತಿತ್ತು. ಖುದ್ದಾಗಿ ಹೋಗಬೇಕು ಅಂದುಕೊಂಡೆ. ಹುಂಚ ಏನು ದೂರವೇ? ಬಸದಿಗೆಂದು ನಡುವೆ ಎರಡು ಸಲ ಹೋಗಿ ಬಂದಿದ್ದೆ ಕೂಡ. ಅಲ್ಲಿಂದ ಎರಡು ಮೈಲಿ ನಡೆಯಲು ಆಗಲಿಲ್ಲ, ಪ್ರತಿ ಸಲವೂ ಒಂದು ನೆವ...

ಸಾಗರದಲ್ಲಿ ಆ ಪೊಟ್ಟಣ ಚೀಲಕ್ಕೆ ಹಾಕಿಕೊಂಡ ದಿನ ನೆವ ಹುಡುಕಲಿಲ್ಲ. ಹೊಸನಗರದಲ್ಲಿ ಇಳಿದು ಹುಂಚದ ಬಸ್ಸು ಹಿಡಿದು, ದಾರಿ ಕೇಳಿಕೊಂಡು ಆ ಮನೆಗೆ ಹೋದೆ. ಅಕ್ಕನ ಓರಗಿತ್ತಿ, ಮೈದುನನ ಹೆಂಡತಿ, ಜಗುಲಿಯಲ್ಲಿ ಉದ್ದು ಆರಿಸುತ್ತಾ ಕೂತಿದ್ದರು. ತೀರ್ಥಹಳ್ಳಿಯ ಪಕ್ಕದ ಮನೆಯವಳು ಎಂದು ಹೇಳಿದ್ದೇ ತಡ, ಮೊರ ಬದಿಗಿಟ್ಟು ಎದ್ದರು. ಮುಖ ಅರಳಿತು, ಹಾಗೇ ಬಾಡಿತು.

“ಅಯ್ಯೋ, ನಿಮಗೆ ಸುದ್ದಿ ಗೊತ್ತಿಲ್ವಾ? ಅಕ್ಕ ಹೋಗಿ ಎಂಟು ತಿಂಗ್ಳಾತಲ್ಲ.”

ನಾನು ಜಗುಲಿಯ ಅಂಚಿನಲ್ಲಿ ಕೂತುಬಿಟ್ಟೆ. ಅವರು ನೀರು ತಂದು ಕೊಟ್ಟರು. ಎರಡು ದಿನ ಜ್ವರ, ಮೂರನೆಯ ದಿನ ಬೆಳಿಗ್ಗೆ ಏಳಲಿಲ್ಲವಂತೆ. ನಿಮ್ಮ ನಂಬರ್ ನಮ್ಮ ಹತ್ತಿರ ಇರಲಿಲ್ಲ ಎಂದು ಅವರೇ ತಪ್ಪು ಮಾಡಿದವರ ಹಾಗೆ ಹೇಳಿದರು.

“ನಿಮ್ಮ ಸುದ್ದಿ ಎಷ್ಟು ಹೇಳ್ತಿದ್ರು ಗೊತ್ತಾ? ಮಕ್ಕಳಿಗೆ ಅದೆಂತದೋ ತಾತನ ತಾಟು ಅಂತ ಮಾಡಿ ಕೊಡ್ತಿದ್ರು, ಕಬ್ಬಿಣದ ಬಾಣಲೇಲಿ, ಮೇಲೆ ಕೆಳಗೆ ಕೆಂಡ ಹಾಕಿ. ಯಾರು ಕೇಳಿದ್ರೂ ಒಂದೇ ಮಾತು: ‘ತೀರ್ಥಹಳ್ಳೀಲಿ ಪಕ್ಕದ್ಮನೆ ಹುಡುಗಿ ಕಲಿಸಿದ್ದು, ಅವಳ ಕೈರುಚಿ ನಂಗೆ ಬರಲ್ಲ.’”

ಹುಡುಗಿ ಎಂದೇ ಹೇಳಿದ್ದರಾ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಅಕ್ಕನ ಮೂಲದ ವಿಷಯ ಆ ಮನೆಯವರಿಗೂ ಗೊತ್ತಾದದ್ದು ಆ ಗಲಾಟೆಯಲ್ಲೇ. “ನಮಗೆ ಅದ್ರಿಂದ ಎಂತ ಆಗ್ಬೇಕು ಹೇಳಿ? ಅತ್ತೇನ ಕೊನೇವರೆಗೂ ನೋಡ್ಕೊಂಡೋರು ಅವ್ರೇ” ಎಂದರು ಓರಗಿತ್ತಿ. ನನಗೆ ಕಾಫಿ ಕೊಟ್ಟು ಎದುರಿಗೆ ಕೂತು, ದನಿ ತಗ್ಗಿಸಿ ಕೇಳಿದರು:

“ಅಲ್ಲ, ಆ ಸುದ್ದಿ ಯಾರು ಹಬ್ಬಿಸಿದ್ದು ಅಂತ ಎಷ್ಟು ಕೇಳಿದ್ರೂ ಅಕ್ಕ ಹೇಳ್ಲಿಲ್ಲ. ‘ಯಾರೋ, ನಂಗೆ ಗುರ್ತಿಲ್ಲ’ ಅಂದ್ಬಿಟ್ರು. ನೀವು ಪಕ್ಕದಲ್ಲೇ ಇದ್ರಲ್ಲ, ನಿಮಗೆ ಗೊತ್ತಿರಬೇಕಲ್ಲ... ಯಾರದು?”

ಕಾಫಿ ಲೋಟ ನನ್ನ ಕೈಯಲ್ಲೇ ಇತ್ತು. ಒಳಗಿನಿಂದ ಮಕ್ಕಳು ಹೊಸಬರು ಯಾರೆಂದು ಇಣುಕಿ ನೋಡುತ್ತಿದ್ದವು. ನಾನೇ ಎಂದು ಹೇಳಲು ಎಷ್ಟು ಹೊತ್ತು ಬೇಕು? ಎರಡು ಅಕ್ಷರ. ಐದು ವರ್ಷದಿಂದ ಹೇಳಬೇಕು ಅಂದುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರುವುದಿಲ್ಲ ಎಂದೂ ಗೊತ್ತಿತ್ತು.

“ಗೊತ್ತಿಲ್ಲ” ಎಂದೆ.

ಅವರು ನನ್ನನ್ನು ರಸ್ತೆಯವರೆಗೆ ಬಿಡಲು ಬಂದರು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು. ಇನ್ನೊಮ್ಮೆ ಬನ್ನಿ, ಮಕ್ಕಳನ್ನೂ ಕರ್ಕೊಂಡು ಬನ್ನಿ ಎಂದರು.

ಇದನ್ನು ಬರೆಯಲು ಒಂದು ತಿಂಗಳು ಹಿಡಿಯಿತು. ಅಕ್ಕನ ಎದುರು ಕೂತು ಹೇಳಬೇಕಾಗಿದ್ದನ್ನು ಅವರಿಗೆ ಹೇಳುವ ಕಾಲ ಹೋಯಿತು. ಅದಕ್ಕೆ ಇನ್ನು ಯಾವ ಉಪಾಯವೂ ಇಲ್ಲ. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಬೀದಿಯ ಗುಂಪಿನಲ್ಲಿ ದಿನವೂ ಶುಭೋದಯ ಬರುತ್ತದೆ. ಆ ಬೆಳಿಗ್ಗೆ ಗೇಟಿನ ಹೊರಗೆ ನಿಂತಿದ್ದವರು ಸಿಕ್ಕಾಗ ನಗುತ್ತಾರೆ, ನಾನೂ ನಗುತ್ತೇನೆ. ಬರೆದದ್ದನ್ನು ಗಂಡನಿಗೆ ಓದಲು ಕೊಟ್ಟೆ. ಓದಿ, “ನಾನು ಬಾಗಿಲಲ್ಲಿ ನಿಂತು ಹೇಳಿದ್ದನ್ನೂ ಬರೆದಿದ್ದೀಯ. ಇರ್ಲಿ, ತೆಗೀಬೇಡ” ಎಂದರು.

ಅಚ್ಚಿಗೆ ಕಳಿಸುವ ಮೊದಲು ಇದರ ಒಂದು ಪ್ರತಿ ಆ ಓರಗಿತ್ತಿಗೆ ಸಿಗಬೇಕು. ಬೇಡ ಎಂದರೆ ಇದು ಅಚ್ಚಾಗುವುದಿಲ್ಲ. ಅಂಚೆಗೆ ಹಾಕಬಹುದಿತ್ತು. ಲಕೋಟೆಯ ಮೇಲೆ ವಿಳಾಸವನ್ನೂ ಬರೆದಿದ್ದೆ. ಆಮೇಲೆ ಲಕೋಟೆ ಹರಿದುಹಾಕಿದೆ. ಬೆಳಿಗ್ಗೆ ಹುಂಚಕ್ಕೆ ಹೋಗುವ ಮೊದಲ ಬಸ್ಸಿಗೆ ಹೋಗುತ್ತೇನೆ. ಅವರು ಓದಿ ಮುಗಿಸುವವರೆಗೆ ಆ ಜಗುಲಿಯಲ್ಲಿ, ಅವರ ಎದುರಿಗೆ ಕೂತಿರುತ್ತೇನೆ.